ಯು ಇಲ್ಲದ ಕ್ಯೂ: ಸ್ಕ್ರ್ಯಾಬಲ್‌ನಲ್ಲಿ ಒದಗುವ ಪುಟ್ಟ ಪದಗಳು ಮತ್ತು ಅವುಗಳ ಅರ್ಥ

ಪ್ರಶ್ನೆ: ಪದಸಂಚಾರಿ

ಮಾನ್ಯರೇ, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಇಂಗ್ಲಿಷ್ ಸ್ಕ್ರ್ಯಾಬಲ್ ಆಟವನ್ನು ನಾನು ಆರು ತಿಂಗಳಿಂದ ಆಡುತ್ತಿದ್ದೇನೆ. ನೂರು ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ, ಯು ಇರುವುದು ನಾಲ್ಕು. ಆ ನಾಲ್ಕೂ ಬೋರ್ಡಿನ ಮೇಲೆ ಬಿದ್ದುಹೋದ ನಂತರವೇ ಕ್ಯೂ ನನ್ನ ಕೈಗೆ ಬರುವುದು ರೂಢಿಯಾಗಿಬಿಟ್ಟಿದೆ. ಕಳೆದ ಭಾನುವಾರ ಎದುರಾಳಿ ತಮ್ಮ ಕೊನೆಯ ಬಿಲ್ಲೆ ಇಟ್ಟು ಆಟ ಮುಗಿಸಿದಾಗಲೂ ನಾನು 14 ಅಂಕ ಮುಂದಿದ್ದೆ. ಆದರೆ ಕೈಯಲ್ಲಿ ಉಳಿದಿದ್ದ 10 ಅಂಕದ ಕ್ಯೂ ಕಾರಣದಿಂದ ನನ್ನ ಮೊತ್ತದಲ್ಲಿ 10 ಕಳೆದು, ಅದೇ 10 ಅವರ ಮೊತ್ತಕ್ಕೆ ಸೇರಿ, ಆರು ಅಂಕಗಳಿಂದ ಸೋತೆ.

ಕ್ಯೂ ಇದ್ದು, ಅದರ ಬೆನ್ನಿಗೆ ಯು ಇಲ್ಲದ ಚಿಕ್ಕ ಪದಗಳನ್ನು ತಿಳಿಸಿಕೊಡುವಿರಾ? ಬರೀ ಪಟ್ಟಿ ಬೇಡ, ಅರ್ಥವೂ ಬೇಕು. ಅರ್ಥ ಗೊತ್ತಿಲ್ಲದ ಪದ ನನ್ನ ತಲೆಯಲ್ಲಿ ಎರಡು ದಿನ ನಿಲ್ಲುವುದಿಲ್ಲ. ಕ್ಯೂ ಬಂದರೆ ಯು ಬಂದೇ ಬರುತ್ತದೆ ಎಂದು ಶಾಲೆಯಲ್ಲಿ ಕಲಿತ ನಿಯಮಕ್ಕೆ ಇವು ಹೇಗೆ ಹೊರತಾದವು ಎಂಬುದೂ ನನಗೆ ಒಗಟಾಗಿದೆ.

ಉತ್ತರ 1: ಹಳೆಯ ನಿಘಂಟು

ಒಗಟನ್ನು ಮೊದಲು ಬಿಡಿಸಿದರೆ ಪಟ್ಟಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಕ್ಯೂ ಮತ್ತು ಯುಗಳ ಜೋಡಿ ಲ್ಯಾಟಿನ್ ಬರವಣಿಗೆಯ ಪದ್ಧತಿ. ಹಳೆಯ ಇಂಗ್ಲಿಷಿನಲ್ಲಿ ‘ಕ್ವೀನ್’, ‘ಕ್ವಿಕ್’ ಮುಂತಾದವನ್ನು ಸಿ ಮತ್ತು ಡಬ್ಲ್ಯು ಅಕ್ಷರಗಳಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಲಿಪಿಕಾರರು ತಮಗೆ ಅಭ್ಯಾಸವಾಗಿದ್ದ ಕ್ಯೂ-ಯು ಜೋಡಿಯನ್ನು ಅಲ್ಲಿಗೆ ತಂದರು. ಹಾಗಾಗಿ ನಮ್ಮ ಶಾಲೆಯ ನಿಯಮ ಈ ಹಾದಿಯಲ್ಲಿ ಬಂದ ಪದಗಳಿಗೆ ಮಾತ್ರ ಸಲ್ಲುತ್ತದೆ. ಅರಬ್ಬಿ, ಹೀಬ್ರೂ, ಚೀನೀ ಭಾಷೆಗಳಿಂದ ಬಂದ ಪದಗಳಲ್ಲಿ ಕ್ಯೂ ಬೇರೊಂದು ಧ್ವನಿಗೆ ಗುರುತಾಗಿ ನಿಂತಿದೆ. ಅಲ್ಲಿ ಯುಗೆ ಕೆಲಸವೇ ಇಲ್ಲ.

ಅತಿ ಚಿಕ್ಕದೂ ಅತಿ ಉಪಯುಕ್ತವೂ ಆದದ್ದು ಕ್ಯೂ-ಐ. ಚೀನೀ ಭಾಷೆಯಲ್ಲಿ ಇದಕ್ಕೆ ಉಸಿರು, ಗಾಳಿ, ದೇಹದಲ್ಲಿ ಹರಿಯುವ ಜೀವಶಕ್ತಿ ಎಂಬ ಅರ್ಥಗಳಿವೆ. ನಾವು ಪ್ರಾಣ ಎನ್ನುವುದಕ್ಕೆ ಹತ್ತಿರದ ಕಲ್ಪನೆ. 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ರೋಮನ್ ಬರಹದಲ್ಲಿ ಕ್ಯೂ ಅಕ್ಷರ ‘ಛ’ಕ್ಕೆ ಹತ್ತಿರವಾದ ಧ್ವನಿಯನ್ನು ಸೂಚಿಸುತ್ತದೆ, ಆದ್ದರಿಂದ ಉಚ್ಚಾರ ನಮ್ಮ ತಾತ್ಸಾರದ ‘ಛೀ’ಗೆ ತೀರ ಸಮೀಪ. ನಾನು ಅದನ್ನು ನೆನಪಿಟ್ಟುಕೊಂಡದ್ದೂ ಹಾಗೆಯೇ. ಉತ್ತರ ಅಮೆರಿಕದಲ್ಲಿ ಆಟಕ್ಕೆ ಸಲ್ಲುವ ಪದಗಳ ಪಟ್ಟಿಗೆ ಇದು ಸೇರಿದ್ದು 2006ರಲ್ಲಿ; ಅದಕ್ಕೂ ಮೊದಲು ಅಲ್ಲಿ ಆಡುತ್ತಿದ್ದವರ ಪಾಡನ್ನು ನೀವು ಊಹಿಸಬಲ್ಲಿರಿ.

ಮೂರಕ್ಷರದಲ್ಲಿ ಕ್ಯೂ-ಎ-ಟಿ ಇದೆ: ಯೆಮನ್, ಇಥಿಯೋಪಿಯಾ, ಸೊಮಾಲಿಯಾಗಳಲ್ಲಿ ಚುರುಕು ಬರಲೆಂದು ಜನ ಜಗಿಯುವ ಎಲೆ, ಮತ್ತು ಆ ಎಲೆಯ ಗಿಡ. ಎಸ್-ಯು-ಕ್ಯೂ ಎಂದರೆ ಅರಬ್ಬರ ಸಂತೆ. ಇಲ್ಲಿ ಯು ಇದೆ, ಆದರೆ ಕ್ಯೂಗಿಂತ ಮುಂಚೆ. ನಾಲ್ಕಕ್ಷರದ ಕ್ಯೂ-ಓ-ಪಿ-ಎಚ್ ನನಗೆ ಎಲ್ಲಕ್ಕಿಂತ ಪ್ರಿಯ, ಏಕೆಂದರೆ ಅದು ಹೀಬ್ರೂ ವರ್ಣಮಾಲೆಯ ಹತ್ತೊಂಬತ್ತನೆಯ ಅಕ್ಷರದ ಹೆಸರು, ಮತ್ತು ರೋಮನ್ ಕ್ಯೂ ಹುಟ್ಟಿದ್ದು ಆ ಅಕ್ಷರದ ಫಿನೀಷಿಯನ್ ರೂಪದಿಂದಲೇ. ಕ್ಯೂ-ಎ-ಐ-ಡಿ ಎಂದರೆ ಉತ್ತರ ಆಫ್ರಿಕದ ಮುಸ್ಲಿಂ ಪಂಗಡದ ಮುಖಂಡ. ನಮ್ಮ ‘ಕೈದಿ’ಯನ್ನು ಜೋಡಿಸಿಕೊಂಡರೆ ಸುಲಭವಾಗಿ ನೆನಪಿರುತ್ತದೆ.

ಐದಕ್ಷರದ ಹೊತ್ತಿಗೆ ಕನ್ನಡಿಗರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಉಳಿದಿರುವುದಿಲ್ಲ. ಫಕೀರ, ಬುರ್ಖಾ, ತಲಾಖ್, ನಿಕಾಬ್ ನಮಗೆ ಗೊತ್ತೇ ಇವೆ. ನಾವು ಕ ಅಥವಾ ಖ ಬರೆಯುವ ಜಾಗದಲ್ಲಿ ಕ್ಯೂ ಇಟ್ಟರೆ ಆಯಿತು. ‘ಕನಾತ್’ ಒಂದು ಹೊಸದೆನಿಸಬಹುದು: ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಇಳಿಜಾರು ಸುರಂಗದ ಮೂಲಕ, ಪಂಪಿನ ಹಂಗಿಲ್ಲದೆ, ಹೊಲಗಳಿಗೆ ಹರಿಸುವ ಇರಾನಿನ ಪ್ರಾಚೀನ ಕಾಲುವೆ. ಹೊರಗಿನಿಂದ ಬಾರದೆ ಈ ಗುಂಪಿಗೆ ಸೇರಿದ್ದು ‘ಟ್ರ್ಯಾಂಕ್’. ‘ಟ್ರ್ಯಾಂಕ್ವಿಲೈಜರ್’ ಎಂಬ ಶಮನಕಾರಿ ಔಷಧದ ಹೆಸರನ್ನು ಮೊಟಕುಗೊಳಿಸುವಾಗ ಯು ಕತ್ತರಿಗೆ ಸಿಕ್ಕಿತು, ಅಷ್ಟೇ.

ಉತ್ತರ 2: ಕಾಗುಣಿತ

ಹಳೆಯ ನಿಘಂಟು ಅವರ ವಿವರಣೆ ಸೊಗಸಾಗಿದೆ. ಒಂದು ತಿದ್ದುಪಡಿಗೆ ಅವಕಾಶ ಕೊಡಬೇಕು. ‘ಕೈದಿ’ ನೆನಪಿಗೆ ಊರುಗೋಲಾಗಬಹುದು, ಆದರೆ ಸಂಬಂಧಿಯಲ್ಲ. ಮುಖಂಡ ಎಂಬ ಪದ ಮುನ್ನಡೆಸು ಎಂಬ ಅರಬ್ಬಿ ಧಾತುವಿನಿಂದ ಬಂದಿದೆ, ಸೆರೆ ಎಂಬ ಅರ್ಥದ ‘ಕೈದು’ ಬೇರೆಯೇ ಧಾತುವಿನದು.

ಇನ್ನೊಂದು ಎಚ್ಚರಿಕೆ: ಇರಾಕ್, ಕತಾರ್ ಅಂಕಿತನಾಮಗಳಾದ್ದರಿಂದ ಸಲ್ಲುವುದಿಲ್ಲ. ಉತ್ತರ ಅಮೆರಿಕದ ಪದಪಟ್ಟಿ ಬೇರೆ, ಬೇರೆ ಹಲವು ದೇಶಗಳಲ್ಲಿ ಬಳಸುವ ಕಾಲಿನ್ಸ್ ಪದಪಟ್ಟಿ ಬೇರೆ. ಯಾವುದನ್ನು ನೋಡುವುದೆಂದು ಆಟಕ್ಕೆ ಕೂರುವ ಮೊದಲೇ ಒಪ್ಪಿಕೊಳ್ಳದಿದ್ದರೆ ಜಗಳ ಖಚಿತ.

ಉತ್ತರ 3: ನೀಲಿ ಚೌಕ

ಅರ್ಥಗಳಾದವು, ಆಟದ ಮಾತು ಒಂದಿಷ್ಟು. ಬೋರ್ಡಿನಲ್ಲಿ ಅಡ್ಡಕ್ಕೆ ಐ-ಟಿ, ಉದ್ದಕ್ಕೆ ಐ-ಟಿ, ಎರಡಕ್ಕೂ ಒಂದೇ ಟಿ ಇದೆ ಎಂದುಕೊಳ್ಳಿ. ಆಗ ಟಿಯ ಎಡಕ್ಕೊಂದು ಐ, ಮೇಲಕ್ಕೊಂದು ಐ, ಆ ಎರಡರ ನಡುವಿನ ಮೂಲೆ ಖಾಲಿ. ಆ ಮೂಲೆ ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವ ಕಡುನೀಲಿ ಚೌಕವಾಗಿದ್ದರೆ, ಅಲ್ಲಿ ಕ್ಯೂ ಒಂದನ್ನೇ ಇಟ್ಟಾಗ ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆಗುತ್ತದೆ. ಕ್ಯೂಗೆ 30, ಐಗೆ 1, ಹೀಗೆ ಒಂದೊಂದು ಪದಕ್ಕೆ 31ರಂತೆ ಒಂದೇ ಬಿಲ್ಲೆಗೆ 62 ಅಂಕ. ಐ ಸಿಗುವ ಸುಳಿವೇ ಇಲ್ಲವೆಂದಾದರೆ, ಚೀಲದಲ್ಲಿ ಏಳು ಬಿಲ್ಲೆಗಳಾದರೂ ಇರುವಾಗಲೇ ಕ್ಯೂವನ್ನು ಬದಲಿಸಿಕೊಂಡುಬಿಡಿ. ಆಮೇಲೆ ನಿಯಮ ಬಿಡುವುದಿಲ್ಲ.

ಪದಸಂಚಾರಿ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಆಟ ಮುಗಿದಾಗ ತೆಗೆದಿದ್ದ ಬೋರ್ಡಿನ ಚಿತ್ರವನ್ನು ಈಗ ಮತ್ತೆ ನೋಡಿದೆ. ಬಲ ಅಂಚಿನ ಕಾಲಮ್ಮಿನಲ್ಲಿ ಒಂದು ಐ ಇದೆ, ಅದರ ಎಡಗಡೆಯ ಮನೆ ಸುತ್ತಲೂ ತೆರವಾಗಿ ಖಾಲಿ ಇದೆ. ಛೀ!