ರಾಯರ ದೋಣಿಗೆ ಗಿರಾಕಿ

ರಾಯರು ದೋಣಿ ಮಾರುತ್ತಾರಂತೆ ಎಂದು ಗೌಡ ಫೋನ್ ಮಾಡಿದಾಗ ನಾನು ನಂಬಲಿಲ್ಲ. ಒಂಬತ್ತು ವರ್ಷದಿಂದ ಅವರು ಆ ಹಾಯಿದೋಣಿಯನ್ನು ಸಾಕಿದ ಹಾಗೆ ನಮ್ಮೂರಲ್ಲಿ ಸೀಮೆಹಸುವನ್ನೂ ಯಾರೂ ಸಾಕಿಲ್ಲ. ಭಾನುವಾರ ಮಧ್ಯಾಹ್ನ ಅಮೆರಿಕದ ಅನಾಪೊಲಿಸ್‌ನಲ್ಲಿರುವ ಅವರ ಮನೆಗೆ ಹೋದೆವು. ನಾನು, ಗೌಡ, ಕುಂದಾಪುರದ ಶೆಟ್ಟರು. ಅತ್ತಿಗೆ ಒಗ್ಗರಣೆ ಅವಲಕ್ಕಿ ತಂದಿಟ್ಟರು. ರಾಯರು ಅದರ ಪಕ್ಕದಲ್ಲಿ ಎರಡು ಹಾಳೆ ಇಟ್ಟರು. ಜಾಹೀರಾತಿನ ಕರಡು.

ಗೌಡ ಗಟ್ಟಿಯಾಗಿ ಓದಿದ. "ರೇಡಾರ್. ಆಟೋಪೈಲಟ್. ಎರಡು ಸೋಲಾರ್ ಪ್ಯಾನೆಲ್. ಲಂಗರು ಎತ್ತೋ ಮೋಟಾರು. ಲೈಫ್ ರಾಫ್ಟ್. ಮುಳುಗಿದರೆ ಉಪಗ್ರಹಕ್ಕೆ ಸುದ್ದಿ ಕೊಡೋ ಪೆಟ್ಟಿಗೆ. ಸಮುದ್ರದ ನೀರನ್ನ ಕುಡಿಯೋ ನೀರು ಮಾಡೋ ಯಂತ್ರ..." ನಿಲ್ಲಿಸಿ ಉಸಿರು ತಗೊಂಡ. "ರಾಯರೇ, ಇದು ಜಾಹೀರಾತೋ, ಮದುವೆಮನೆ ಸಾಮಾನಿನ ಪಟ್ಟಿಯೋ?"

"ಹೋಯ್, ಇದ್ರಲ್ಲಿ ದೋಣಿ ಎಲ್ಲಿ ಉಂಟು ಮಾರಾಯ್ರೆ?" ಎಂದರು ಶೆಟ್ಟರು.

ಇತ್ತು. ಎರಡನೇ ಹಾಳೆಯ ಕೊನೆಗೆ, ಸಣ್ಣಕ್ಷರದಲ್ಲಿ. 1984ರ ಕ್ಯಾಟಲೀನಾ 30. ಉದ್ದ 30 ಅಡಿ, ಡೀಸೆಲ್ ಇಂಜಿನ್. ಅದರ ಕೆಳಗೆ ಬೆಲೆ: 38,000 ಡಾಲರ್.

ಅವಲಕ್ಕಿ ಗೌಡನ ಗಂಟಲಲ್ಲಿ ಸಿಕ್ಕಿಕೊಂಡಿತು. ಅತ್ತಿಗೆ ನೀರು ಕೊಟ್ಟರು.

"ಲೆಕ್ಕ ಸರಿಯಾಗಿದೆ" ಎಂದು ರಾಯರು ಒಂದು ದಪ್ಪ ಫೈಲ್ ತಂದರು. ಎಲ್ಲ ಬಿಲ್ಲೂ ಇದ್ದವು. "ದೋಣಿಗೆ 14,000 ಕೊಟ್ಟೆ. ಆಮೇಲೆ ಹಾಕಿಸಿದ್ದಕ್ಕೆ 24,000. ಒಂದು ಡಾಲರೂ ಲಾಭ ಇಟ್ಟಿಲ್ಲ."

ಈ ಮಾತಿಗೆ ಏನು ಹೇಳೋದು? ಕ್ಯಾಟಲೀನಾ 30 ಅಂದ್ರೆ ಹಾಯಿದೋಣಿಗಳಲ್ಲಿ ಮಾರುತಿ 800 ಇದ್ದ ಹಾಗೆ. ಮೂವತ್ತಕ್ಕೂ ಹೆಚ್ಚು ವರ್ಷ ಕಟ್ಟಿದರು, 6,000ಕ್ಕೂ ಜಾಸ್ತಿ ದೋಣಿ ನೀರಿಗಿಳಿದವು. ಗಟ್ಟಿ ದೋಣಿ, ಒಳಗೆ ಜಾಗ ಧಾರಾಳ. ಆದರೆ ನಮ್ಮ ಚೆಸಪೀಕ್ ಕೊಲ್ಲಿಯಲ್ಲಿ ದೋಣಿ ಕಟ್ಟುವ ಯಾವ ಮರೀನಾಕ್ಕೆ ಹೋದರೂ ಇನ್ನೊಂದು ಸಿಗುತ್ತೆ.

"ಊರಲ್ಲಿ ಹಳೇ ಮನೆ ಮಾರುವಾಗ ಬೋರ್‌ವೆಲ್ ಬಿಲ್ ತೋರಿಸ್ತಾರಾ?" ಎಂದ ಗೌಡ. "ನೀರು ಬರುತ್ತಾ ಅಂತ ಮಾತ್ರ ಕೇಳ್ತಾರೆ. ನಿಮ್ಮ ರೇಡಾರಿಗೆ ಎಷ್ಟು ವಯಸ್ಸು?"

"ಏಳು ವರ್ಷ. ಹೊಸದರ ಹಾಗೇ ಇದೆ."

"ಮಾರುವವನಿಗೆ ಅದು ಹೊಸದು, ಕೊಳ್ಳುವವನಿಗೆ ಅದು ಕಿತ್ತು ಬಿಸಾಕಬೇಕಾದ ಸಾಮಾನು. ಲೈಫ್ ರಾಫ್ಟ್ ಸರ್ವಿಸ್ ಮಾಡಿಸಿದ್ದೀರಾ?"

ರಾಯರು ಫೈಲಿನಲ್ಲಿ ಹುಡುಕುವ ನಾಟಕ ಆಡಿದರು. ಅಪಾಯ ಬಂದಾಗ ಸಹಾಯ ಕರೆಯಲು ಮೇಲಕ್ಕೆ ಹಾರಿಸುವ ಬೆಂಕಿ ಬಾಣಗಳ ಗತಿಯೂ ಅಷ್ಟೇ. ತಯಾರಾದ 42 ತಿಂಗಳಿಗೆ ಅವುಗಳ ಅವಧಿ ಮುಗಿಯುತ್ತೆ. ರಾಯರ ಹತ್ತಿರ ಮೂರು ಪೀಳಿಗೆಯ ಬಾಣ ಇದ್ದವು, ತಾತ, ಅಪ್ಪ, ಮಗ, ಮೂವರೂ ತೀರಿಕೊಂಡವರೇ.

"ಆ ನೀರಿನ ಯಂತ್ರದ ವಿಷಯ ಹೇಳಿ ಅವರಿಗೆ" ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದರು.

ರಾಯರು ಹೇಳಲಿಲ್ಲ. ಅತ್ತಿಗೆಯೇ ಬಂದು ಕೂತರು. "ಅಟ್ಲಾಂಟಿಕ್ ದಾಟ್ತೀನಿ ಅಂತ ತಂದರು. ಆರು ವರ್ಷ ಆಯ್ತು. ನಾವು ದಾಟಿದ್ದು ಇದೇ ಚೆಸಪೀಕ್ ಕೊಲ್ಲಿ. ಆ ಕಡೆ ಸೇಂಟ್ ಮೈಕಲ್ಸ್‌ಗೆ ಹೋಗೋದು, ಚಿತ್ರಾನ್ನ ತಿನ್ನೋದು, ವಾಪಸ್ ಬರೋದು. ಕುಡಿಯೋ ನೀರು ನಾನು ಮನೆಯಿಂದ ಕ್ಯಾನಲ್ಲಿ ತರ್ತಿದ್ದೆ."

"ಕೊಲ್ಲಿಯ ನೀರು ಕೆಸರು, ಫಿಲ್ಟರ್ ಕಟ್ಟಿಕೊಳ್ಳುತ್ತೆ" ಎಂದರು ರಾಯರು, ಸಣ್ಣ ದನಿಯಲ್ಲಿ.

"ಬಳಸದೆ ಬಿಟ್ಟರೆ ಅದರೊಳಗಿನ ಪೊರೆ ಕೆಡುತ್ತಂತೆ. ಅದಕ್ಕೇ ಇವರು ಔಷಧಿ ತುಂಬಿಸಿಡ್ತಾರೆ. ಇಂಗ್ಲಿಷಿನಲ್ಲೂ ಅದನ್ನ ಉಪ್ಪಿನಕಾಯಿ ಹಾಕೋದು ಅಂತಲೇ ಕರೀತಾರಂತೆ! ಈ ಮನೇಲಿ ವರ್ಷಕ್ಕೆ ಎರಡು ಉಪ್ಪಿನಕಾಯಿ. ನಾನು ಹಾಕಿದ್ದು ಮೂರು ತಿಂಗಳಿಗೆ ಖಾಲಿ. ಇವರು ಹಾಕಿದ್ದನ್ನ ಇನ್ನೂ ಯಾರೂ ಮುಟ್ಟಿಲ್ಲ."

ಶೆಟ್ಟರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ನಮ್ಮ ಗಂಗೊಳ್ಳಿ ಬದಿ ಹಳೇ ದೋಣಿ ತಗೊಳ್ಳುವವ ಎರಡೇ ಕೇಳುದು. ಇಂಜಿನ್ ಎಷ್ಟು ವರ್ಷದ್ದು? ಅಡಿ ಗಟ್ಟಿ ಉಂಟಾ? ಇನ್ನೆಂತದೂ ಇಲ್ಲ."

ಅಡಿ ಎಂದ ಕೂಡಲೇ ರಾಯರ ಮುಖ ಸಪ್ಪಗಾಯಿತು. ನನಗೆ ಕಾರಣ ಗೊತ್ತಿತ್ತು. ಈ ಜಾತಿಯ ಹಳೇ ದೋಣಿಗಳಲ್ಲಿ ಒಡಲಿಗೂ, ದೋಣಿ ಮಗುಚದಂತೆ ಅದರ ಅಡಿಗೆ ಬಿಗಿದ ಸೀಸದ ಭಾರಕ್ಕೂ (ಕೀಲ್) ನಡುವೆ, ಮುಂಭಾಗದಲ್ಲಿ, ಬಾಗಿದ ಒಂದು ಬಿರುಕು ಕಾಣಿಸಿಕೊಳ್ಳುತ್ತೆ. ದೋಣಿ ನಗುತ್ತಿದೆಯೇನೋ ಅನ್ನಿಸುತ್ತೆ. ಹೆಸರೇ 'ಕ್ಯಾಟಲೀನಾ ಸ್ಮೈಲ್'. ಬೋಲ್ಟ್ ಬಿಗಿದು ಬಿರುಕು ತುಂಬಿದರೆ ಬಹಳಷ್ಟು ಸಲ ಮುಗಿಯಿತು. ಆದರೆ ಕ್ರೇನಿನಲ್ಲಿ ದೋಣಿಯನ್ನು ನೀರಿನಿಂದ ಎತ್ತಿದಾಗ ಅದು ಹಲ್ಲು ಕಿರಿದರೆ, ಗಿರಾಕಿ ನಗೋದಿಲ್ಲ.

"ಒಂಬತ್ತು ವರ್ಷದ ಹಿಂದೆ ಆ ನಗು ತೋರಿಸಿಯೇ ಅಲ್ವಾ ನೀವು ಎರಡು ಸಾವಿರ ಇಳಿಸಿದ್ದು?" ಎಂದೆ. "ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ಜೊತೆ ನಾನೂ ಬಂದಿದ್ದೆ."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಸರ್ವೇಯರ್ ಮಂಡಿಯೂರಿ, ಪುಟ್ಟ ಸುತ್ತಿಗೆಯಿಂದ ಡೆಕ್ಕನ್ನು ಅಂಗುಲ ಅಂಗುಲ ತಟ್ಟುತ್ತಾ ಹೋದ. ಸಂತೆಯಲ್ಲಿ ಹಲಸಿನ ಹಣ್ಣು ತಟ್ಟಿ ನೋಡ್ತಾರಲ್ಲ, ಹಾಗೆ. ಟಕ್, ಟಕ್, ಟಕ್. ಕಂಬಿಯ ಬುಡಕ್ಕೆ ಬಂದಾಗ ದಬ್. ಆತ ಪೆನ್ಸಿಲ್ ತೆಗೆದ. ಫೈಬರ್‌ಗ್ಲಾಸ್ ಪದರಗಳ ನಡುವಿನ ಪ್ಲೈವುಡ್ಡಿಗೆ ನೀರು ಇಳಿದರೆ ಸದ್ದು ಹಾಗೆ ಸಾಯುತ್ತೆ. ಪ್ರತಿ ದಬ್ಬಿಗೂ ರಾಯರು ಖುಷಿಯಿಂದ ನನ್ನ ಕಡೆ ನೋಡುತ್ತಿದ್ದರು. ಹಲಸಾದರೆ ಮೆತ್ತಗಿದ್ದಷ್ಟೂ ಬೆಲೆ, ದೋಣಿಯದು ಉಲ್ಟಾ.

"ಈಗ ನಾನು ಆ ಕಡೆ ಕೂತಿದ್ದೀನಿ" ಎಂದರು ರಾಯರು.

"ಅಷ್ಟು ದೂರ ಯಾರಾದರೂ ಬಂದರೆ ತಾನೇ" ಎಂದು ಅತ್ತಿಗೆ ಹಿಂದಿನ ವಾರದ ಕಥೆ ತೆಗೆದರು.

ಒಬ್ಬ ಹುಡುಗ, ಒಬ್ಬಳು ಹುಡುಗಿ, ಹೊಸದಾಗಿ ಮದುವೆಯಾದವರು, ದೋಣಿ ನೋಡಲು ಬಂದಿದ್ದರಂತೆ. ಎಲ್ಲ ಇಷ್ಟವಾಯಿತು. ಆಮೇಲೆ ಹುಡುಗ ಕ್ಯಾಬಿನ್ನಿನ ನೆಲದ ಹಲಗೆ ಎತ್ತಿ ತಳಕ್ಕೆ ಮೂಗು ಹಾಕಿದ. ಮರುಕ್ಷಣ ಹೆಂಡತಿಯ ಕೈ ಹಿಡಿದು ಮೇಲಕ್ಕೆ ಓಡಿದ. "ಗ್ಯಾಸ್! ಗ್ಯಾಸ್!" ದೋಣಿಯ ಒಲೆಗೆ ಬಳಸುವ ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗದೆ ತಳದಲ್ಲಿ ನಿಲ್ಲುತ್ತೆ, ಒಂದು ಕಿಡಿ ಸಾಕು. ಹುಡುಗ ಓದಿಕೊಂಡು ಬಂದವನು, ಅವನದು ತಪ್ಪಿಲ್ಲ. ರಾಯರು ಗಾಬರಿಯಿಂದ ಸಿಲಿಂಡರ್ ವಾಲ್ವ್ ತಿರುಗಿಸಿದರು. ಅದು ಮೊದಲೇ ಬಂದ್ ಆಗಿತ್ತು. ಮೀಟರ್ ತಂದು ಹಿಡಿದರು. ಸೊನ್ನೆ.

"ಮತ್ತೆ ಎಂತ ವಾಸನೆ ಅದು?" ಶೆಟ್ಟರು ಮುಂದಕ್ಕೆ ಬಾಗಿದರು.

"ಇಂಗು" ಎಂದರು ಅತ್ತಿಗೆ. "ಒಂಬತ್ತು ವರ್ಷದ ಒಗ್ಗರಣೆ. ಡಬ್ಬಿ ಒಂದು ಹಲಗೆ ಸಂದಿಯಿಂದ ಕೆಳಗೆ ಬಿದ್ದು ಒಡೆದಿತ್ತು. ನಾನು ಹೇಳಿರಲಿಲ್ಲ ಅಷ್ಟೇ."

ರಾಯರು ತಿರುಗಿ ನೋಡಿದರು. ಅವರಿಗೂ ಅದು ಗೊತ್ತಾಗಿದ್ದು ಆಗಷ್ಟೇ. "ಅದಕ್ಕೋಸ್ಕರ ನಾನು ಗ್ಯಾಸ್ ಪೈಪ್ ಬದಲಾಯಿಸಿದೆನಲ್ಲೇ!"

"ಆ ಬಿಲ್ಲೂ ಫೈಲಿನಲ್ಲಿ ಇದೆಯಾ?" ಎಂದ ಗೌಡ.

ಇತ್ತು.

ಸಂಜೆಯ ಹೊತ್ತಿಗೆ ನಾವು ಬೆಲೆಯನ್ನು 16,000ಕ್ಕೆ ಇಳಿಸಿದೆವು. ದಲ್ಲಾಳಿಗೆ ಕೊಟ್ಟರೆ ನೂರಕ್ಕೆ ಹತ್ತು ಹೋಗುತ್ತೆ, ಅದಕ್ಕೆ ನಾವೇ ಮಾರೋಣ ಎಂದಾಯಿತು. ದೋಣಿ ಮೊದಲ ಸಾಲಿಗೆ ಬಂತು. ಹಾಯಿಗಳ ವಯಸ್ಸು, ಮಾಸ್ತೂಲನ್ನು ಹಿಡಿದ ತಂತಿ ಬದಲಾಯಿಸಿದ ವರ್ಷ, ಇಂಜಿನ್ ಓಡಿದ ಗಂಟೆ. ನೀರಿನ ಯಂತ್ರವನ್ನು ಗೌಡ ಹೊಡೆದುಹಾಕಿದ. ರಾಯರು ತಡೆಯಲಿಲ್ಲ, ಆದರೆ ಕಿಟಕಿಯ ಕಡೆ ತಿರುಗಿಕೊಂಡರು.

ಆಗ ಫೋನ್ ಟಿಣ್ ಎಂದಿತು. ಅದೇ ಹುಡುಗ. ಗ್ಯಾಸ್ ರಿಪೇರಿ ಆಯಿತಾ ಎಂದು ಕೇಳಿದ್ದ. ಅದರ ಕೆಳಗೆ ಇನ್ನೊಂದು ಸಾಲು. ಆ ನೀರಿನ ಯಂತ್ರವೂ ದೋಣಿಯ ಜೊತೆಗೇ ಬರುತ್ತಾ? ನಾವು ಅಟ್ಲಾಂಟಿಕ್ ದಾಟಬೇಕು ಅಂತಿದ್ದೇವೆ.

ರಾಯರು ಓದಿದರು. ಇನ್ನೊಂದು ಸಲ ಓದಿದರು. ಗೌಡನ ಕೈಯಿಂದ ಪೆನ್ನು ಕಿತ್ತುಕೊಂಡರು.

"ಪಾಪ" ಎಂದರು ಅತ್ತಿಗೆ. "ಆ ಹುಡುಗಿಗೆ ನನ್ನ ಉಪ್ಪಿನಕಾಯಿಯದೂ ಒಂದು ಬಾಟಲಿ ಇಟ್ಟುಕೊಡಿ."