ಒತ್ತಿ ಬರೆಯೋ ಕೈಗೆ ಯಾವ ಪೆನ್ನು ಕೊಡಿಸಲಿ?

ಕೊಪ್ಪಳದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಎರಡು ಪುಟ ಬರೆಯುವಷ್ಟರಲ್ಲಿ ಕೈ ಜಾಡಿಸುತ್ತಾಳೆ, ನಡುಬೆರಳಿನ ಪಕ್ಕ ಚರ್ಮ ಗಟ್ಟಿಯಾಗಿ ಗಂಟು ಕಟ್ಟಿದೆ. ನೋಟ್‌ಬುಕ್ ಹಾಳೆ ತಿರುವಿ ಸವರಿದರೆ ಹಿಂದಿನ ಅಕ್ಷರಗಳೆಲ್ಲ ಉಬ್ಬಿ ಕೈಗೆ ಸಿಗುತ್ತವೆ, ಅಷ್ಟು ಒತ್ತಿ ಬರೆಯುತ್ತಾಳೆ. ಜವಾಹರ ರಸ್ತೆಯಲ್ಲಿ ಕೇಳಿದರೆ ದುಬಾರಿ ಪೆನ್ನು ತೋರಿಸಿ ಇದೇ ತಗೊಳ್ಳಿ ಅಂತಾರೆ. ಬೆಲೆ ಜಾಸ್ತಿ ಆದರೆ ನೋವು ಕಡಿಮೆ ಆಗುತ್ತಾ? ಮೂರನೇ ಕ್ಲಾಸಿನ ಮಗನದ್ದು ಇನ್ನೊಂದು ಗೋಳು, ಮೆಂಡರಿಗೆ ಹಾಕಿದಾಗೆಲ್ಲ ಪೆನ್ಸಿಲ್ ಕಡ್ಡಿ ಮುರಿಯುತ್ತೆ. ತಿಳಿದವರು ಹೇಳಿ.

ಸಿಂಧನೂರು ಮೇಷ್ಟ್ರು:
ಅಕ್ಕಾರೆ, ಬೆಲೆ ಆಮೇಲೆ ನೋಡೋಣ, ಮೊದಲು ಇಂಕು ನೋಡಿ. ಬಾಲ್ ಪೆನ್ನಿನ ಇಂಕು ಎಣ್ಣೆಯದು, ಮಂದ. ತುದಿಯ ಗುಂಡು ಉರುಳಬೇಕಾದರೆ ಸ್ವಲ್ಪ ಒತ್ತಲೇಬೇಕು, ಸಾಲದ್ದಕ್ಕೆ ಪೆನ್ನನ್ನು ನೆಟ್ಟಗೆ ಹಿಡಿಯಬೇಕು. ಮಕ್ಕಳಿಗೆ ಒತ್ತುವ ಚಟ ಬರೋದು ಬಹುಪಾಲು ಇಲ್ಲಿಂದಲೇ. ಜೆಲ್ ಇಂಕು ನೀರಿನದು, ತಾನಾಗಿ ಇಳಿಯುತ್ತೆ. ನಿಬ್ಬಿನ ಇಂಕ್ ಪೆನ್ನಂತೂ ಕಾಗದಕ್ಕೆ ಮುಟ್ಟಿಸಿದರೆ ಸಾಕು, ಒತ್ತಿದರೆ ನಿಬ್ಬು ಅಗಲಿ ಕೆಡುತ್ತೆ. ಅದಕ್ಕೇ ಒತ್ತುವ ಕೈಯನ್ನು ತಿದ್ದಲು ಮನೆಯಲ್ಲಿ ಕಾಪಿ ಬರೆಯುವಾಗ ಸಾದಾ ಇಂಕ್ ಪೆನ್ನು ಕೊಡಿ, ಪರೀಕ್ಷೆಗೆ ಜೆಲ್ ಇರಲಿ.

ತುದಿ 0.7 ಮಿ.ಮೀ. ತಗೊಳ್ಳಿ. 1.0 ದಪ್ಪವಾದರೆ ನಮ್ಮ ಅಕ್ಷರಕ್ಕೆ ಆಗಿ ಬರಲ್ಲ, ಷ ಹೊಟ್ಟೆಯೊಳಗಿನ ಗೆರೆ ಮುಚ್ಚಿ ಪ ಥರ ಕಾಣುತ್ತೆ, ಸಣ್ಣಗೆ ಬರೆಯುವವರ ಒತ್ತಕ್ಷರವೆಲ್ಲ ಇಂಕಿನ ಚುಕ್ಕೆ. ತೀರಾ ಸಣ್ಣ ತುದಿಯೂ ಬೇಡ, ಒರಟು ಹಾಳೆಯಲ್ಲಿ ಕೆರೆಯುತ್ತೆ. ಉತ್ತರಪತ್ರಿಕೆಯಂಥ ಹಾಳೆ ಮೇಲೆ ಮೊದಲೇ ಬರೆದು ನೋಡಿ, ಜೆಲ್ ಆಚೆ ಬದಿಗೆ ಇಳಿಯುತ್ತಾ ಅಂತ. ಮುಂದೆ ಓಎಂಆರ್, ಅಂದರೆ ಉತ್ತರದ ವೃತ್ತ ತುಂಬುವ ಪರೀಕ್ಷೆ ಬಂದರೆ ಅಲ್ಲಿ ಸಾಮಾನ್ಯವಾಗಿ ಬಾಲ್ ಪೆನ್ನೇ ಕೇಳುತ್ತಾರೆ, ಅದನ್ನು ಪೂರ್ತಿ ಬಿಡಿಸಬೇಡಿ.

ಬಳ್ಳಾರಿ ಸ್ಟೇಷನರಿ:
ಬೆಂಗಳೂರು ರಸ್ತೆಯಲ್ಲಿ ನಮ್ಮ ಅಂಗಡಿ. ಮೇಷ್ಟ್ರು ಇಂಕಿನದು ಹೇಳಿದರು, ನಾನು ಹಿಡಿಕೆಯದು ಹೇಳ್ತೀನಿ. ರೆನಾಲ್ಡ್ಸ್ 045 ಥರದ ತೆಳ್ಳನೆ ಪೆನ್ನು ಕೆಲವರ ಬೆರಳಿಗೆ ಸರಿ ಹೋಗುತ್ತೆ, ಆದರೆ ಬಿಗಿಯಾಗಿ ಹಿಡಿಯುವವರು ತೆಳುವಾದಷ್ಟೂ ಇನ್ನೂ ಬಿಗಿ ಹಿಡಿಯುತ್ತಾರೆ. ಅಂಥವರಿಗೆ ಸ್ವಲ್ಪ ದಪ್ಪ, ರಬ್ಬರ್ ಹಿಡಿಕೆಯ ಪೆನ್ನು ಒಳ್ಳೆಯದು. ಲೋಹದ ದುಬಾರಿ ಪೆನ್ನು ಜೇಬಿಗೆ ಚೆಂದ, ಮೂರು ಗಂಟೆ ಬರೆಯೋಕೆ ಭಾರ. ಕ್ಯಾಪನ್ನು ಹಿಂದೆ ಸಿಕ್ಕಿಸಿ ಒಮ್ಮೆ, ಸಿಕ್ಕಿಸದೆ ಒಮ್ಮೆ ಬರೆಸಿ, ತೂಕ ಹಿಂದಕ್ಕೆ ಜಗ್ಗಿದರೆ ಗೊತ್ತಾಗುತ್ತೆ. ಅಂಗಡಿಯಲ್ಲಿ ಎಲ್ಲರೂ ಸುಮ್ನೆ ಒಂದು ಸಹಿ ಗೀಚಿ ತಗೊಂಡು ಹೋಗ್ತಾರೆ. ಮಗಳನ್ನೇ ಕರೆದುಕೊಂಡು ಹೋಗಿ, ನಾಲ್ಕು ಸಾಲು ಬರೆಸಿ, ನಾವು ಯಾರೂ ಬೇಡ ಅನ್ನಲ್ಲ.

ನಮ್ಮ ಕಡೆಯ ಬಿಸಿಲಿಗೆ ಇನ್ನೊಂದು ಮಾತು. ಇಂಕ್ ಪೆನ್ನನ್ನು ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತೆ. ನಿಬ್ಬು ಮೇಲೆ ಮಾಡಿ ಇಡಿ.

ಪೆನ್ಸಿಲ್ ಕೊಳ್ಳುವಾಗ ಹಿಂದಿನ ತುದಿ ನೋಡಿ, ಕಡ್ಡಿ ಮರದ ಸರಿ ನಡುವೆ ಇರಬೇಕು. ಒಂದು ಕಡೆ ಸರಿದಿದ್ದರೆ ಮೆಂಡರಿನಲ್ಲಿ ಒಂದು ಬದಿಯ ಮರ ಉಳಿದು, ಇನ್ನೊಂದು ಬದಿ ಬೋಳಾಗಿ ಕಡ್ಡಿ ಮುರಿಯುತ್ತೆ. ಬಾರಿ ಬಾರಿ ನೆಲಕ್ಕೆ ಬೀಳಿಸಿದರೂ ಕಡ್ಡಿ ಒಳಗೇ ತುಂಡಾಗಿರುತ್ತೆ. ಮೆಂಡರ್ ಬ್ಲೇಡು ಮೊಂಡಾಗಿದೆಯಾ ಅಂತಲೂ ನೋಡಿ.

ರಾಯಚೂರು ಎಡಗೈ:
ಪೆನ್ಸಿಲ್ ಮೇಲೆ ಬರೆದಿರೋ ಅಕ್ಷರವನ್ನೂ ಓದಿ ಅಕ್ಕಾ. ಕಡ್ಡಿ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಮಣ್ಣು ಜಾಸ್ತಿ ಇದ್ದರೆ ಹೆಚ್, ಗಟ್ಟಿ ಮತ್ತು ಮಸುಕು. ಗ್ರಾಫೈಟ್ ಜಾಸ್ತಿ ಇದ್ದರೆ ಬಿ, ಮೆದು ಮತ್ತು ಕಪ್ಪು. ಹೆಚ್‌ಬಿ ನಡುವಿನದು. ಮಗನೂ ಅಕ್ಕನ ಹಾಗೆ ಒತ್ತುತ್ತಿದ್ದರೆ 2ಬಿ ಕೊಟ್ಟು ನೋಡಿ, ಮೆಲ್ಲಗೆ ಬರೆದರೂ ಕಪ್ಪಗೆ ಮೂಡುತ್ತೆ. ಬೇಗ ಸವೆಯುತ್ತೆ, ಕೈಗೂ ಹತ್ತುತ್ತೆ, ಅಷ್ಟೇ. ಮೂರು ಮೂಲೆಯ ಪೆನ್ಸಿಲ್ ಬೆರಳಿಗೆ ತಾನಾಗಿ ಜಾಗ ತೋರಿಸುತ್ತೆ.

ಆದರೆ ಜೆಲ್ ಪೆನ್ನು ಎಲ್ಲರಿಗೂ ಹೊಂದುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಎಡಗೈಯವರ ಕೈ ಹಸಿ ಅಕ್ಷರದ ಮೇಲೇ ಸಾಗುತ್ತೆ, ಸಾಲೆಲ್ಲ ಬಳಿದುಹೋಗುತ್ತೆ. ನಮಗೆ ಬೇಗ ಒಣಗುವ ಬಾಲ್ ಪೆನ್ನೇ ವಾಸಿ. ಮಗಳು ಯಾವ ಕೈ?

ಕೊಪ್ಪಳದ ಅಮ್ಮ:
ಬಲಗೈ ಅಣ್ಣಾ. ಎಲ್ಲರಿಗೂ ಧನ್ಯವಾದ. ಈಗ ಗಮನಿಸಿದೆ, ಪೆನ್ನಿನ ತುದಿಯ ಹತ್ತಿರವೇ ಹಿಡಿಯುತ್ತಾಳೆ, ಉಗುರು ಬೆಳ್ಳಗಾಗುತ್ತೆ.

ಸಿಂಧನೂರು ಮೇಷ್ಟ್ರು:
ಹಾಗಾದರೆ ಒಂದು ಬೆರಳಗಲ ಮೇಲೆ ಹಿಡಿಸಿ. ಗುರುತಿಗೆ ಅಲ್ಲೊಂದು ರಬ್ಬರ್ ಬ್ಯಾಂಡ್ ಸುತ್ತಿ. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆಯೇ ಶುರು ಮಾಡಿ, ಹೊಸ ಹಿಡಿತ ಒಗ್ಗೋಕೆ ಸಮಯ ಬೇಕು. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಪೆನ್ನು ಬದಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.