ಸಹಾಯ ಬೇಕು: ತೋಟದ ರೈಲಿಗೆ ಯಾವ ಉಗಿ ಎಂಜಿನ್ ಸರಿ?

ನಮಸ್ಕಾರ. ತೋಟದಲ್ಲಿ 45 ಮಿಲಿಮೀಟರ್ ಅಗಲದ ಹಳಿ ಹಾಸಿದ್ದೇನೆ. ನಿಜವಾದ ಉಗಿಯಿಂದಲೇ ಓಡುವ ಮಾದರಿ ಎಂಜಿನ್ ಕೊಳ್ಳಬೇಕು. ಬ್ಯುಟೇನ್ ಅನಿಲದ್ದೋ, ಸ್ಪಿರಿಟ್ ಉರಿಯದ್ದೋ ಎಂದು ಮನಸ್ಸು ತೂಗಾಡುತ್ತಿದೆ. ಅನಿಲವಾದರೆ ಕವಾಟ ತಿರುಗಿಸಿ ಉರಿಯನ್ನು ಹದಗೊಳಿಸಬಹುದು. ಆದರೆ ಸ್ಪಿರಿಟ್ ಎಂಜಿನ್ನಿನಲ್ಲಿ ಬರ್ನರ್‌ನ ಭೋರ್ಗರೆತವಿಲ್ಲ, ಚಿಮಣಿಯ ಛಕ್ ಛಕ್ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಅದೇ ಆಸೆ.

ದೊಡ್ಡ ಚಿಂತೆ ಇಳಿಜಾರಿನದು. ಹಳಿ ಇಳಿಯುವ ಕಡೆಯೇ ಬಿಗಿಯಾದ ತಿರುವೂ ಇದೆ. ರೆಗ್ಯುಲೇಟರ್ (ಸಿಲಿಂಡರಿಗೆ ಹೋಗುವ ಉಗಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ) ಒಂದೇ ಮಟ್ಟದಲ್ಲಿದ್ದರೆ ಏರಿನಲ್ಲಿ ಏದುಸಿರು ಬಿಡುವ ಎಂಜಿನ್ ಇಳಿಯುವಾಗ ವೇಗ ಹೆಚ್ಚಿ ಉರುಳಬಹುದು. ರೇಡಿಯೊ ನಿಯಂತ್ರಣ ಹಾಕಿಸಲೇ, ಹಳಿಯನ್ನೇ ಎತ್ತರಿಸಿ ಸಮತಟ್ಟು ಮಾಡಲೇ?

ಸುಣ್ಣದಂಶವಿಲ್ಲದ ನೀರು, ಸಿಲಿಂಡರ್ ಸವೆಯದಂತೆ ಉಗಿಯೊಡನೆ ಹೋಗುವ ಸ್ಟೀಮ್ ಆಯಿಲ್ ಬೇಕೆಂಬುದು ಗೊತ್ತು. ಓಡಿಸುತ್ತಲೇ ಬಾಯ್ಲರ್‌ಗೆ ನೀರು ತುಂಬಿಸುವ ಪಂಪ್ ಮೊದಲ ಎಂಜಿನ್ನಿಗೇ ಅಗತ್ಯವೇ? ಓಡಿಸಿ ಬಲ್ಲವರು ದಯವಿಟ್ಟು ತಿಳಿಸಿ.